ಡಿಕಾಕ್ಷನ್ ಸರಿಯಿದ್ದರೆ ಸಕ್ಕರೆಗೆ ಏನು ಕೆಲಸ?

ಮಾರಿಕಣಿವೆಯಲ್ಲಿ ನಿಂತಿರುವ ನೀರು ಕಾಫಿ ಬೆಳೆಯುವ ಬೆಟ್ಟದಿಂದ ಹರಿದು ಬಂದದ್ದು. ಬಾಬಾಬುಡನ್‌ಗಿರಿ ಸಾಲಿನ ಮೂಡಣ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದಕೆರೆಯನ್ನೂ ತುಂಬಿಸಿ, ಕಡೂರಿನ ಕಡೆ ಕೂಡಿಕೊಂಡು ವೇದಾವತಿಯಾಗಿ ಹೊಸದುರ್ಗದ ಸೀಮೆ ದಾಟಿ ಹಿರಿಯೂರಿನತ್ತ ಬರುತ್ತವೆ. 1907ರಲ್ಲಿ ಮಾರಿಕಣಿವೆಯಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅಣೆಕಟ್ಟು ತಡೆದು ನಿಲ್ಲಿಸಿದ್ದು ಈ ನೀರನ್ನೇ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜ ತಂದು ಬಿತ್ತಿದರೆಂದು ನಾಡು ನಂಬಿಕೊಂಡು ಬಂದಿರುವ ಗಿರಿಯೂ ಅದೇ. ಬಯಲುಸೀಮೆಯ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ಗಿಡ ಕಾಫಿಯೂ ಬೆಳೆಯದಿರಬಹುದು, ಆದರೆ ಕಾಫಿ ನಾಡು ನಮಗೆ ಪಕ್ಕದ ಜಿಲ್ಲೆ. ಇಷ್ಟು ಹತ್ತಿರವಿದ್ದೂ ಚಿತ್ರದುರ್ಗದ ಬಸ್ ನಿಲ್ದಾಣದಲ್ಲೋ ಹೊಳಲ್ಕೆರೆಯ ಪೇಟೆಯಲ್ಲೋ ಲೋಟಕ್ಕೆ ಬೀಳುವ ಕಾಫಿಯಲ್ಲಿ ಕಾಫಿಯ ಪಾಲು ಕಡಿಮೆ, ಹಾಲು ಸಕ್ಕರೆಯ ಪಾಲೇ ಹೆಚ್ಚು. ಸಕ್ಕರೆ ಕಾಯಿಲೆಯ ಭಯ ಹುಟ್ಟಿದ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಕಾಫಿ ಬಿಟ್ಟುಬಿಡಿ’ ಎಂಬುದು. ತಪ್ಪು ಯಾರದೋ, ಶಿಕ್ಷೆ ಯಾರಿಗೋ. ಬಿಡಬೇಕಾದದ್ದು ಕಾಫಿಯನ್ನಲ್ಲ. ಕೆಟ್ಟ ಡಿಕಾಕ್ಷನ್ನಿನ ಕಹಿ ಮುಚ್ಚಲು ಸುರಿಯುವ ಸಕ್ಕರೆ ಮತ್ತು ದಪ್ಪ ಹಾಲನ್ನು. ಒಳ್ಳೆಯ ಡಿಕಾಕ್ಷನ್ ಮನೆಯಲ್ಲಿ ಇಳಿಸಲು ಕಲಿತರೆ ಅವೆರಡೂ ತಾವಾಗಿಯೇ ಇಳಿಯುತ್ತವೆ ಎಂಬುದು ಈ ಲೇಖನದ ವಾದ.

ಮೊದಲು ಲೆಕ್ಕ. ಹಾಲು ಸಕ್ಕರೆ ಬೆರೆಸದ ಒಂದು ಲೋಟ ಕಪ್ಪು ಕಾಫಿಯಲ್ಲಿ ಇರುವುದು ಎರಡು ಮೂರು ಕ್ಯಾಲೊರಿ, ಅಂದರೆ ಇಲ್ಲವೆನ್ನುವಷ್ಟು. ಸಕ್ಕರೆಯ ಪ್ರತಿ ಗ್ರಾಮಿಗೆ ನಾಲ್ಕು ಕ್ಯಾಲೊರಿ. ಹಾಲಿನದು ಕೊಬ್ಬಿನ ಮೇಲೆ ನಿಂತ ಲೆಕ್ಕ: ಶೇ. 3 ಕೊಬ್ಬಿರುವ ಟೋನ್ಡ್ ಹಾಲು 100 ಮಿಲಿಗೆ ಸುಮಾರು 58 ಕ್ಯಾಲೊರಿ, ಶೇ. 4.5ರ ಸ್ಟ್ಯಾಂಡರ್ಡೈಸ್ಡ್ ಹಾಲು 72, ಶೇ. 6ರ ಪೂರ್ಣ ಕೆನೆಯ ಹಾಲು 87, ಶೇ. 1.5ರ ಡಬಲ್ ಟೋನ್ಡ್ ಹಾಲು 47. ಹೋಟೆಲಿನ ಲೋಟವೊಂದರಲ್ಲಿ 90 ಮಿಲಿ ದಪ್ಪ ಹಾಲು, ಎರಡು ಚಮಚ ಅಂದರೆ 10 ಗ್ರಾಂ ಸಕ್ಕರೆ ಎಂದಿಟ್ಟುಕೊಳ್ಳಿ, 105 ಕ್ಯಾಲೊರಿ ಆಯಿತು. ಮನೆಯಲ್ಲಿ 40 ಮಿಲಿ ಗಟ್ಟಿ ಡಿಕಾಕ್ಷನ್‌ಗೆ 60 ಮಿಲಿ ಟೋನ್ಡ್ ಹಾಲು, ಅರ್ಧ ಚಮಚ ಸಕ್ಕರೆ ಹಾಕಿದರೆ 45. ದಿನಕ್ಕೆ ಮೂರು ಸಲ ಕುಡಿಯುವವರಿಗೆ 180 ಕ್ಯಾಲೊರಿ ವ್ಯತ್ಯಾಸ, ಹೆಚ್ಚುಕಡಿಮೆ ಒಂದು ಸಣ್ಣ ರಾಗಿ ಮುದ್ದೆಯಷ್ಟು. ಮುದ್ದೆ ತಿಂದರೆ ಹೊಟ್ಟೆ ತುಂಬುತ್ತದೆ, ಕಾಫಿಯ ಸಕ್ಕರೆಯಿಂದ ತುಂಬುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಸಕ್ಕರೆಯ ಒಟ್ಟು ಮೊತ್ತ. ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಬೆರೆಸಿದ ಸಕ್ಕರೆಯಿಂದ ಬರಬಾರದು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. 2000 ಕ್ಯಾಲೊರಿ ಉಣ್ಣುವವರಿಗೆ ಆ ಶೇ. 5 ಎಂದರೆ 25 ಗ್ರಾಂ. ಮೂರು ಲೋಟ ಹೋಟೆಲ್ ಕಾಫಿಯಲ್ಲೇ 30 ಗ್ರಾಂ ಒಳಗೆ ಹೋಗಿರುತ್ತದೆ, ಸಿಹಿತಿಂಡಿ, ಬಿಸ್ಕತ್ತು ಲೆಕ್ಕಕ್ಕೆ ಇನ್ನೂ ಬಂದಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಹಾಗೆಂದು ಈ 180 ಕ್ಯಾಲೊರಿ ಉಳಿಸಿದರೆ ವರ್ಷಕ್ಕೆ ಇಷ್ಟು ಕಿಲೋ ಇಳಿಯುತ್ತೀರಿ ಎಂದು ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ದೇಹ ಅಷ್ಟು ನೇರವಾದ ಗುಣಾಕಾರಕ್ಕೆ ಒಗ್ಗುವುದಿಲ್ಲ. ಆದರೆ ದಿನವೂ ಮೂರು ಸಲ ಮಾಡುವ ಕೆಲಸದಲ್ಲಿ ಸಣ್ಣ ಬದಲಾವಣೆಯೂ ಸಣ್ಣದಾಗಿ ಉಳಿಯುವುದಿಲ್ಲ.

ಹೋಟೆಲಿನವರು ಇಷ್ಟು ಸಕ್ಕರೆ ಯಾಕೆ ಹಾಕುತ್ತಾರೆ? ಅವರನ್ನು ಬೈದು ಪ್ರಯೋಜನವಿಲ್ಲ, ಕೆಲಸದ ರೀತಿಯೇ ಹಾಗಿದೆ. ಪುಣೆ–ಬೆಂಗಳೂರು ಹೆದ್ದಾರಿ ಚಿತ್ರದುರ್ಗ, ಹಿರಿಯೂರುಗಳ ಮೇಲೆ ಹಾದುಹೋಗುತ್ತದೆ, ಹಿರಿಯೂರಿನಲ್ಲಿ ಬಳ್ಳಾರಿ ಕಡೆಯ ರಸ್ತೆಯೂ ಬಂದು ಸೇರುತ್ತದೆ. ಬೆಳಗಿನ ಜಾವದಿಂದ ನಡುರಾತ್ರಿವರೆಗೆ ಬಸ್ಸಿಳಿದು ಬರುವ ಜನರಿಗೆ ಎರಡು ನಿಮಿಷದಲ್ಲಿ ಬಿಸಿ ಕಾಫಿ ಕೊಡಬೇಕು. ಡಿಕಾಕ್ಷನ್ ಬೆಳಿಗ್ಗೆಯೇ ಇಳಿದು ಬಿಸಿಯಲ್ಲೇ ಕೂತಿರುತ್ತದೆ. ಹಾಗೆ ಗಂಟೆಗಟ್ಟಲೆ ಬಿಸಿಯಲ್ಲಿಟ್ಟ ಡಿಕಾಕ್ಷನ್‌ನಲ್ಲಿ ಕ್ಲೋರೋಜೆನಿಕ್ ಆಮ್ಲ ಒಡೆದು ಕ್ವಿನಿಕ್ ಆಮ್ಲ ಹೆಚ್ಚುತ್ತದೆ. ನಾಲಿಗೆಯ ಹಿಂಬದಿಯಲ್ಲಿ ಒಗರು-ಹುಳಿ-ಕಹಿ ಬೆರೆತು ಉಳಿಯುವುದು ಅದರಿಂದಲೇ. ಪುಡಿ ಉಳಿಸಲು ಅದೇ ಗಸಿಯ ಮೇಲೆ ಮತ್ತೊಮ್ಮೆ ನೀರು ಹುಯ್ದು ಎರಡನೇ ಡಿಕಾಕ್ಷನ್ ತೆಗೆಯುವುದೂ ಉಂಟು, ಅದರಲ್ಲಿ ಪರಿಮಳ ಇರುವುದಿಲ್ಲ, ಕಹಿ ಮಾತ್ರ ಇರುತ್ತದೆ. ಹಾಲೂ ಒಲೆಯ ಮೇಲೆ ಕುದಿಯುತ್ತಲೇ ಇರುವುದರಿಂದ ನೀರಿನಂಶ ಆರಿ ಗಟ್ಟಿಯಾಗುತ್ತದೆ, ಅಂದರೆ ಅದೇ ಲೋಟದೊಳಗೆ ಕೊಬ್ಬು, ಹಾಲಿನ ಸಕ್ಕರೆ ಎರಡೂ ಹೆಚ್ಚುತ್ತವೆ. ಇಂಥ ಕಾಫಿಯನ್ನು ಅರ್ಧ ಚಮಚ ಸಕ್ಕರೆಯಲ್ಲಿ ಕುಡಿಯಲು ಆಗುವುದೇ ಇಲ್ಲ. ಕಹಿಯನ್ನು ಅಡಗಿಸುವುದರಲ್ಲಿ ಸಕ್ಕರೆ ಮತ್ತು ಕೊಬ್ಬಿಗೆ ಎಣೆಯಿಲ್ಲ, ಅಡುಗೆ ಬಲ್ಲವರಿಗೆಲ್ಲ ಇದು ಗೊತ್ತು. ‘ನನಗೆ ಸಕ್ಕರೆ ಕಮ್ಮಿ ಇದ್ದರೆ ಆಗುವುದಿಲ್ಲ’ ಎನ್ನುವವರಲ್ಲಿ ಎಷ್ಟೋ ಜನ ಒಳ್ಳೆಯ ಡಿಕಾಕ್ಷನ್ನಿಗೆ ಸಕ್ಕರೆ ಕಡಿಮೆ ಹಾಕಿ ಕುಡಿದು ನೋಡಿದವರಲ್ಲ. ನಾಲಿಗೆ ಸಿಹಿಯನ್ನು ಬೇಡುತ್ತಿದೆ ಎಂದು ತಿಳಿಯುತ್ತೇವೆ. ಅದು ನಿಜವಾಗಿ ಬೇಡುತ್ತಿರುವುದು ಕಹಿಯಿಂದ ಬಿಡುಗಡೆಯನ್ನು.

ಹಾಗಾದರೆ ಕೆಲಸ ಪುಡಿಯಿಂದ ಶುರುವಾಗಬೇಕು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಎಂದು ಪೊಟ್ಟಣದ ಮೇಲೆ ನಮೂದಿಸಿರಬೇಕು ಎಂದು ನಮ್ಮ ಆಹಾರ ಕಾನೂನು ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಚಿಕೋರಿ ಬೇರಿನ ಪುಡಿ ಇರುವ ಪೊಟ್ಟಣವೂ ಕಾನೂನುಬದ್ಧವಾಗಿಯೇ ಅಂಗಡಿಯಲ್ಲಿ ಕೂತಿರಬಹುದು. ಚಿಕೋರಿ ವಿಷವೇನಲ್ಲ, ಹಾಲಿನ ಕಾಫಿಗೆ ಬಣ್ಣ ಮತ್ತು ಮೈ ಕೊಡುತ್ತದೆ, ಶೇ. 10–15 ಇದ್ದರೆ ಚೆನ್ನಾಗಿಯೇ ಹೊಂದುತ್ತದೆ. ಮೂವತ್ತು ನಲವತ್ತಕ್ಕೆ ಏರಿದಾಗ ಸುಟ್ಟ ಬೆಲ್ಲದಂಥ ಕಹಿ ಮುಂದಾಗಿ ಕಾಫಿಯ ಪರಿಮಳ ಹಿಂದಾಗುತ್ತದೆ, ಸಕ್ಕರೆ ಡಬ್ಬಕ್ಕೆ ಕೈ ಹೋಗುತ್ತದೆ. ಬೀಜ ಹುರಿದು ಬೀಸಿಕೊಡುವ ಅಂಗಡಿ ಊರಿನಲ್ಲಿದ್ದರೆ ‘90–10’ ಎಂದು ಬಾಯಿಬಿಟ್ಟು ಕೇಳಿ ಕಣ್ಣೆದುರೇ ಬೀಸಿಸಿಕೊಳ್ಳುವುದು ಒಳ್ಳೆಯದು. ಅರೇಬಿಕಾದ ಪ್ಲಾಂಟೇಷನ್ ಬೀಜ ಅಥವಾ ಪೀಬೆರಿ ಹೆಚ್ಚಿದ್ದರೆ ಪರಿಮಳ ಹೆಚ್ಚು, ಕಹಿ ಕಡಿಮೆ. ರೋಬಸ್ಟಾ ಬೆರೆತರೆ ಗಡಸು ಬರುತ್ತದೆ, ಜೊತೆಗೆ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಒಂದೇ ಸಲ ಕಿಲೋ ಪುಡಿ ತರುವ ಅಭ್ಯಾಸವನ್ನಂತೂ ಬಿಡಬೇಕು. ಬೀಸಿದ ಗಳಿಗೆಯಿಂದಲೇ ಪರಿಮಳ ಹಾರಿಹೋಗಲು ಶುರುವಾಗುತ್ತದೆ. 100–200 ಗ್ರಾಂ ತಂದು, ಗಾಳಿಯಾಡದ ಡಬ್ಬದಲ್ಲಿ, ಒಲೆಯಿಂದ ದೂರ ಇಟ್ಟು ಎರಡು ವಾರದೊಳಗೆ ಮುಗಿಸುವುದು ಸರಿಯಾದ ಕ್ರಮ. ದೇಶದಲ್ಲಿ ಬೆಳೆಯುವ ಕಾಫಿಯ ಸುಮಾರು ಶೇ. 70 ಕರ್ನಾಟಕದ್ದು, ಅದರಲ್ಲಿ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಚಿಕ್ಕಮಗಳೂರಿನ ಬೀಜಕ್ಕೆ ಇಟಲಿಯವರು ಕೊಡುವ ಮರ್ಯಾದೆಯನ್ನು ಪಕ್ಕದ ಹೊಸದುರ್ಗದವರೂ ಕೊಡಲಿ ಎನ್ನುವುದು ದೊಡ್ಡ ಆಸೆಯಲ್ಲ.

ಫಿಲ್ಟರ್ ಎಂಬ ಎರಡಂತಸ್ತಿನ ಪಾತ್ರೆಯಷ್ಟು ಸರಳವಾದ, ವಿದ್ಯುತ್ ಬೇಡದ, ಕೆಡದ ಸಾಧನ ಇನ್ನೊಂದಿಲ್ಲ. ಆದರೂ ಅದು ಅನೇಕ ಮನೆಗಳಲ್ಲಿ ಅಟ್ಟ ಸೇರಿದೆ. ‘ಇಳಿಯುವುದೇ ಇಲ್ಲ’ ಎಂಬುದು ದೂರು. ಇಳಿಯದಿದ್ದರೆ ಕಾರಣ ಮೂರೇ: ಪುಡಿ ತೀರ ನುಣ್ಣಗಿದೆ, ಚಿಕೋರಿ ಹೆಚ್ಚಿ ಅದು ನೀರು ಕುಡಿದು ಉಬ್ಬಿದೆ, ಇಲ್ಲವೇ ತೂತುಗಳಲ್ಲಿ ಹಳೆಯ ಗಸಿ ಕಟ್ಟಿದೆ. ಮೂರನೆಯದಕ್ಕೆ ಮೇಲಿನ ಪಾತ್ರೆಯ ತಳವನ್ನು ಒಲೆಯ ಉರಿಗೆ ಒಂದಿಷ್ಟು ಹೊತ್ತು ಹಿಡಿದು, ಆರಿದ ಮೇಲೆ ತಟ್ಟಿ ತೊಳೆದರೆ ಸಾಕು. ಎರಡು ಲೋಟಕ್ಕೆ 20 ಗ್ರಾಂ ಪುಡಿ, 120 ಮಿಲಿ ನೀರು ಎಂಬ ಅಳತೆ ಹಿಡಿದು ಶುರು ಮಾಡಬಹುದು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು ಸುಮಾರು 80 ಮಿಲಿ. ನೀರು ಕುದಿದ ಮೇಲೆ ಒಂದು ನಿಮಿಷ ಬಿಟ್ಟು ಹುಯ್ಯಬೇಕು, ಕುದಿಕುದಿಯುವ ನೀರು ಕಹಿಯನ್ನು ಎಳೆದು ತರುತ್ತದೆ. ಮೊದಲು ಪುಡಿ ನೆನೆಯುವಷ್ಟು ಎರಡು ಚಮಚ ನೀರು ಹಾಕಿ ಅರ್ಧ ನಿಮಿಷ ಬಿಟ್ಟರೆ ಹುರಿದ ಬೀಜದೊಳಗಿನ ಗಾಳಿ ಹೊರಬಂದು ಪುಡಿ ಸಮನಾಗಿ ಕೂರುತ್ತದೆ. ಆಮೇಲೆ ಕಡ್ಡಿಯಿರುವ ತೂತಿನ ತಟ್ಟೆಯನ್ನು ಮೆಲ್ಲಗೆ ಅದುಮಿ ಉಳಿದ ನೀರನ್ನು ಸುತ್ತಲೂ ಬೀಳುವಂತೆ ಹುಯ್ಯುವುದು. ಹನ್ನೆರಡು ಹದಿನೈದು ನಿಮಿಷಕ್ಕೆ ಇಳಿದರೆ ಹದ ಸರಿಯಾಗಿದೆ. ಐದು ನಿಮಿಷಕ್ಕೇ ಇಳಿದುಬಿಟ್ಟರೆ ಪುಡಿ ತರಿಯಾಗಿದೆ, ಡಿಕಾಕ್ಷನ್ ಸಪ್ಪೆ. ಇಳಿದ ಡಿಕಾಕ್ಷನ್ನನ್ನು ಯಾವ ಕಾರಣಕ್ಕೂ ಒಲೆಯ ಮೇಲೆ ಇಡಬಾರದು. ಬಿಸಿ ಹಾಲು ಬಿದ್ದರೆ ತಾನೇ ಬಿಸಿಯಾಗುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು: ಹುರಿದ ಬೀಜದ ಎಣ್ಣೆಯಲ್ಲಿ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶವಿದೆ, ಲೋಹದ ತೂತಿನಲ್ಲಿ ಅದು ಸಾಕಷ್ಟು ಇಳಿದುಹೋಗುತ್ತದೆ, ಕಾಗದದಲ್ಲಿ ನಿಲ್ಲುತ್ತದೆ. ಕೊಲೆಸ್ಟರಾಲ್ ತೊಂದರೆ ಇರುವವರು ಫಿಲ್ಟರಿನ ತಳಕ್ಕೆ ಕಾಗದದ ಸೋಸುಹಾಳೆ ಕತ್ತರಿಸಿ ಹಾಕಿಕೊಳ್ಳುವುದು ಕ್ಷೇಮ.

ನೀರಿನ ಮಾತು ನಮ್ಮ ಜಿಲ್ಲೆಯಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಮುಖ್ಯ, ಆದರೆ ಕಾಫಿಯ ಚರ್ಚೆಯಲ್ಲಿ ಅದು ಬರುವುದೇ ಇಲ್ಲ. ಡಿಕಾಕ್ಷನ್ ಎಂದರೆ ಬಹುಪಾಲು ನೀರೇ. ಗಡಸು ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ತಿಂದುಹಾಕುತ್ತದೆ. ಅರೇಬಿಕಾದ ಹಣ್ಣಿನಂಥ ಚುರುಕು ಹೋಗಿ ಮಣ್ಣಿನಂಥ ಮಂಕು ರುಚಿ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು, ಖನಿಜವೆಲ್ಲ ಹೋಗಿರುವುದರಿಂದ ಅದರಲ್ಲಿ ಕಾಫಿ ಸಪ್ಪೆಯಾಗುತ್ತದೆ. ಮಾರಿಕಣಿವೆ ನೀರು ನಲ್ಲಿಯಲ್ಲಿ ಬರುವ ಊರುಗಳಲ್ಲಿ ಅದನ್ನೇ ಸೋಸಿ ಬಳಸುವುದು ಲೇಸು. ಆದರೆ ರುಚಿಗಾಗಿ ಬೋರ್‌ವೆಲ್ ನೀರು ಬೆರೆಸುವ ಸಾಹಸ ಬೇಡ. ಜಿಲ್ಲೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಸರಿ, ಬೇರೆ ದಾರಿಯೇ ಇಲ್ಲದಿದ್ದರೂ 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆರಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಅಂಥ ಊರಿನಲ್ಲಿ ಘಟಕದ ನೀರೇ ಸೈ. ಸಪ್ಪೆ ಎನಿಸಿದರೆ ಪುಡಿಯನ್ನು ಅರ್ಧ ಚಮಚ ಹೆಚ್ಚಿಸಿದರಾಯಿತು.

ಹಾಲಿನ ವಿಷಯದಲ್ಲಿ ನಮ್ಮ ಅಡುಗೆಮನೆಗಳಿಗೆ ಪಾಠ ಬೇಕಿಲ್ಲ. ಹಾಲು ಕಾಯಿಸಿ, ಆರಿಸಿ, ಮೇಲಿನ ಕೆನೆ ತೆಗೆದು ಬೆಣ್ಣೆಗೆ ಕೂಡಿಡುವ ಹಳೆಯ ಕ್ರಮವೇ ಕ್ಯಾಲೊರಿ ಇಳಿಸುವ ಕ್ರಮ. ಎಮ್ಮೆಯ ಹಾಲು ಬಳಸುವ ಮನೆಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಹೋಮೋಜಿನೈಸ್ ಮಾಡಿದ ಪ್ಯಾಕೆಟ್ ಹಾಲಿನಲ್ಲಿ ಮಾತ್ರ ಕೊಬ್ಬು ಒಡೆದು ಎಲ್ಲೆಡೆ ಬೆರೆತಿರುವುದರಿಂದ ಕೆನೆ ಸರಿಯಾಗಿ ಕಟ್ಟುವುದಿಲ್ಲ, ಅಲ್ಲಿ ಪ್ಯಾಕೆಟ್ ಆರಿಸುವಾಗಲೇ ಟೋನ್ಡ್ ಆರಿಸಬೇಕು. ತೆಳು ಹಾಲಿನಲ್ಲಿ ಕಾಫಿ ನೀರುನೀರು ಎಂಬ ಆಕ್ಷೇಪ ಡಿಕಾಕ್ಷನ್ ತೆಳುವಾಗಿದ್ದಾಗ ಮಾತ್ರ ನಿಜ. ಗಟ್ಟಿ ಡಿಕಾಕ್ಷನ್ನಿಗೆ ಟೋನ್ಡ್ ಹಾಲು ಬೆರೆಸಿ, ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದರೆ ನೊರೆ ಚೆನ್ನಾಗಿಯೇ ಏಳುತ್ತದೆ. ನೊರೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನ್, ಕೊಬ್ಬು ಅದಕ್ಕೆ ಅಡ್ಡಿಯೇ ಆಗುತ್ತದೆ. ಹಾಲನ್ನು ಮತ್ತೆ ಮತ್ತೆ ಕುದಿಸದೆ, ಉಕ್ಕು ಬರುವ ಮೊದಲೇ ಇಳಿಸಿದರೆ ಅದರ ಸಹಜ ಸಿಹಿಯೂ ನಾಲಿಗೆಗೆ ಸಿಗುತ್ತದೆ, ಸುಟ್ಟ ವಾಸನೆ ಅದನ್ನು ನುಂಗುವುದಿಲ್ಲ.

ಇಷ್ಟಾದ ಮೇಲೂ ಸಿಹಿ ಬೇಕು ಎನ್ನುವವರು ಬೆಲ್ಲಕ್ಕೆ ತಿರುಗುತ್ತಾರೆ. ಬೆಲ್ಲದ ಕಾಫಿಗೆ ಮಲೆನಾಡಿನಲ್ಲಿ ಅದರದೇ ಆದ ಗೌರವವಿದೆ, ರುಚಿಗಾಗಿ ಕುಡಿಯುವುದಾದರೆ ಸಂತೋಷ. ಆದರೆ ಬೆಲ್ಲವೂ 100 ಗ್ರಾಮಿಗೆ 380 ಕ್ಯಾಲೊರಿಯ ಆಸುಪಾಸಿನಲ್ಲೇ ಇದೆ, ರಕ್ತಕ್ಕೆ ಅದು ಸಕ್ಕರೆಯೇ. ‘ಬೆಲ್ಲವಾದರೆ ಪರವಾಗಿಲ್ಲ’ ಎಂದು ಮಧುಮೇಹಿಗಳಿಗೆ ಧೈರ್ಯ ಹೇಳುವುದು ಅವರಿಗೆ ಮಾಡುವ ಅಪಕಾರ. ಕ್ಯಾಲೊರಿಯಿಲ್ಲದ ಸಿಹಿ ಗುಳಿಗೆಗಳ ಮೇಲೆ ನೆಚ್ಚಿಕೆ ಇಡುವುದೂ ಬೇಡ, ತೂಕ ಇಳಿಸಲೆಂದು ಅವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಅವು ಸಿಹಿಯ ಚಟವನ್ನು ಹಾಗೆಯೇ ಉಳಿಸುತ್ತವೆ. ಎರಡು ಚಮಚದಿಂದ ಒಂದೂವರೆಗೆ, ಕೆಲವು ವಾರ ಬಿಟ್ಟು ಒಂದಕ್ಕೆ, ಹಾಗೆಯೇ ಅರ್ಧಕ್ಕೆ ಇಳಿಯುವುದು ನಿಧಾನವಾದರೂ ಗಟ್ಟಿ ದಾರಿ. ಅಲ್ಲಿಗೆ ಮುಟ್ಟಿದ ನಾಲಿಗೆಗೆ ಹಳೆಯ ಎರಡು ಚಮಚದ ಕಾಫಿ ಪಾನಕದಂತೆ ತೋರುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೀರ ಹಗುರವಾದದ್ದು ಸಮಯದ್ದು. ಹದಿನೈದು ನಿಮಿಷ ಇಳಿಯುವುದು ಫಿಲ್ಟರಿನ ಕೆಲಸ, ನಮ್ಮ ಕೆಲಸ ಎರಡು ನಿಮಿಷದ್ದು. ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ತಯಾರು, ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಒಂದು ದಿನ ಕೆಡುವುದಿಲ್ಲ. ದುಡ್ಡಿನ ಆಕ್ಷೇಪವೂ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಪುಡಿಗೆ ಕಿಲೋಗೆ 1000 ರೂಪಾಯಿ, ಹಾಲಿಗೆ ಲೀಟರಿಗೆ 50 ರೂಪಾಯಿ ಎಂದೇ ಹಿಡಿಯಿರಿ: ಲೋಟಕ್ಕೆ 10 ಗ್ರಾಂ ಪುಡಿ 10 ರೂಪಾಯಿ, 60 ಮಿಲಿ ಹಾಲು 3 ರೂಪಾಯಿ. ಈಚಿನ ವರ್ಷಗಳಲ್ಲಿ ಕಾಫಿ ಬೆಲೆ ಏರಿದ್ದು ನಿಜ, ಆ ಏರಿಕೆಗೆ ಹೋಟೆಲಿನವರು ಪುಡಿ ಕಡಿಮೆ ಮಾಡಿಯೋ ಚಿಕೋರಿ ಹೆಚ್ಚಿಸಿಯೋ ಹೊಂದಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಆ ತೀರ್ಮಾನ ನಮ್ಮ ಕೈಲೇ ಇರುತ್ತದೆ. ಪ್ರೀಮಿಕ್ಸ್ ಪೊಟ್ಟಣ ಸುಲಭವಲ್ಲವೇ ಎನ್ನುವವರು ಅದರ ಹಿಂಬದಿ ಓದಲಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕೆಂಬ ನಿಯಮವಿದೆ, ಸಕ್ಕರೆ ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿದರೆ ಸಾಕು. ಬೇಸಿಗೆಯ ಕೋಲ್ಡ್ ಕಾಫಿಯದು ಇನ್ನೂ ದೊಡ್ಡ ಲೆಕ್ಕ: 200 ಮಿಲಿ ಹಾಲು, ಒಂದು ಗುಂಡು ಐಸ್‌ಕ್ರೀಂ, ನಾಲ್ಕು ಚಮಚ ಸಕ್ಕರೆಯ ಪಾಕ ಸೇರಿದರೆ 300 ಕ್ಯಾಲೊರಿ ದಾಟುತ್ತದೆ. ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ಡಿಕಾಕ್ಷನ್ನನ್ನೇ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ತಣ್ಣನೆ ಹಾಲಿಗೆ ಹಾಕಿ ಕಲಕಿದರೆ, ಕರಗಿದಷ್ಟೂ ಕಾಫಿ ಗಟ್ಟಿಯಾಗುತ್ತ ಹೋಗುತ್ತದೆ, ನೂರರ ಆಸುಪಾಸಿನಲ್ಲಿ ಮುಗಿಯುತ್ತದೆ.

ತೂಕವಿರುವ ಆಕ್ಷೇಪಗಳು ಎರಡು. ಹೋಟೆಲಿನ ಕಾಫಿ ಬರಿಯ ಪಾನೀಯವಲ್ಲ, ಜನ ಕೂಡುವ ನೆಪ. ಅಡಿಕೆ ಧಾರಣೆ, ಮಳೆ, ಕೋಡಿ ಬಿದ್ದ ಸುದ್ದಿ ಎಲ್ಲ ಹರಡುವುದು ಅಲ್ಲಿಯೇ. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಎಷ್ಟು ಲೋಟ ಕಾಫಿಯ ಮೇಲೆ ಆ ಮಾತು ನಡೆದಿರಬೇಕು! ಅದನ್ನು ಬಿಡಿ ಎನ್ನುವುದು ನ್ಯಾಯವಲ್ಲ, ಯಾರೂ ಬಿಡುವುದೂ ಇಲ್ಲ. ಅಲ್ಲಿಗೆ ನಮ್ಮಲ್ಲೇ ಹುಟ್ಟಿದ ಉಪಾಯವಿದೆ, ಬೈ ಟೂ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡರೆ ಸಕ್ಕರೆಯೂ ಅರ್ಧ, ಮಾತು ಮಾತ್ರ ಪೂರ್ತಿ. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಬೆಳಗಾಗುತ್ತಲೇ ಹೊಲಕ್ಕೆ, ಕೂಲಿಗೆ ಹೊರಡುವವರಿಗೆ ಆ ಸಿಹಿ ಲೋಟವೇ ನಾಷ್ಟಾ, ಅವರಿಗೆ ಕ್ಯಾಲೊರಿ ಕಡಿಮೆ ಮಾಡಿ ಎನ್ನುವುದು ಉಂಡವರ ಮಾತು. ಈ ಮಾತು ಸತ್ಯ. ಇಲ್ಲಿ ಹೇಳಿದ್ದೆಲ್ಲ ಕೂತು ದುಡಿಯುವವರಿಗೆ ಸಂಬಂಧಿಸಿದ್ದು. ದುಡಿಯುವ ಮೈಗೆ ಕಸುವು ಬೇಕೇ ಬೇಕು, ಆದರೆ ಅದು ಸಕ್ಕರೆಯಿಂದ ಬಂದರೆ ಬಹಳ ಹೊತ್ತು ತಾಳುವುದಿಲ್ಲ. ಅದೇ ದುಡ್ಡಿನ ರಾಗಿ ಅಂಬಲಿ, ನೆಲಗಡಲೆ ತಾಳುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಊಟದ ಜೊತೆ, ಊಟದ ಬೆನ್ನಿಗೇ ಕುಡಿದ ಕಾಫಿ ಟೀ ಆಹಾರದ ಕಬ್ಬಿಣ ಮೈಗೆ ಸೇರದಂತೆ ತಡೆಯುತ್ತವೆ. ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ ಎಂಬ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ ಮನೆಯ ಕಾಫಿಗೂ ಅಷ್ಟೇ ಅನ್ವಯ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂದೂ ಅದು ಹೇಳುತ್ತದೆ. ಇಲ್ಲಿ ಕೊಟ್ಟ ಅಳತೆಯ ಗಟ್ಟಿ ಡಿಕಾಕ್ಷನ್ನಿನಲ್ಲಿ ಲೋಟವೊಂದಕ್ಕೆ 100ರ ಸುತ್ತಮುತ್ತ ಇರುವುದರಿಂದ ಮೂರಕ್ಕೆ ನಿಲ್ಲಿಸಬೇಕು. ರೋಬಸ್ಟಾ ಹೆಚ್ಚಿದ್ದರೆ ಎರಡಕ್ಕೇ ನಿಲ್ಲಿಸಿದರೆ ಒಳ್ಳೆಯದು. ಬಸುರಿಯರು ವೈದ್ಯರನ್ನು ಕೇಳಿ ಇನ್ನೂ ಇಳಿಸಬೇಕು.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ತಿಂಡಿಪಟ್ಟಿಯಲ್ಲಿ ಕ್ಯಾಲೊರಿ ಬರೆಯಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಊರಿನ ಸಣ್ಣ ಹೋಟೆಲಿಗೆ ಅದು ಅನ್ವಯಿಸುವುದಿಲ್ಲ, ಅನ್ವಯಿಸಲೂ ಬಾರದು, ಅಷ್ಟು ಕಾಗದಪತ್ರದ ಹೊರೆ ಅವರು ಹೊರಲಾರರು. ಆದರೆ ಸಕ್ಕರೆಯನ್ನು ಬೆರೆಸದೆ ಲೋಟದ ಪಕ್ಕದಲ್ಲಿ ಬೇರೆ ಇಡುವುದಕ್ಕೆ ಯಾವ ಕಾನೂನೂ ಬೇಡ, ಖರ್ಚೂ ಇಲ್ಲ. ಗಿರಾಕಿ ಕೇಳಿದರೆ ಹೋಟೆಲಿನವರು ಕೊಡುತ್ತಾರೆ, ದಿನವೂ ನಾಲ್ಕು ಜನ ಕೇಳಿದರೆ ಅದೇ ರೂಢಿಯಾಗುತ್ತದೆ. ಮನೆಯಲ್ಲಿ ಒಳ್ಳೆಯ ಡಿಕಾಕ್ಷನ್ ಕುಡಿದು ಅಭ್ಯಾಸವಾದವರೇ ಅದನ್ನು ಕೇಳುವವರು. ಅವರು ಸಕ್ಕರೆ ಬೇರೆ ಇಡಿ ಎನ್ನುವುದರ ಜೊತೆಗೆ ಡಿಕಾಕ್ಷನ್ ಯಾವಾಗ ಇಳಿಸಿದ್ದು ಎಂದೂ ವಿಚಾರಿಸಲಿ.